ಗುಡ್ಡದ ಮನೆಯ ಇನ್‌ಸ್ಪೆಕ್ಟರು

ಮೂರು ವರ್ಷ, ಮೂರು ಸಲ ಆ ಗುಡ್ಡ ಹತ್ತಿದ್ದೇನೆ. ಮೂರು ಸಲವೂ ಮುಕ್ಕಾಲು ದಾರಿಯಲ್ಲಿರುವ ಕಲ್ಲಿನ ಮನೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆ ತುದಿಯನ್ನು ಅಂಗಳದಿಂದಲೇ ಕತ್ತೆತ್ತಿ ನೋಡಿ, ಹಲ್ಲು ಕಡಿಯುತ್ತ ಕೆಳಗಿಳಿದಿದ್ದೇನೆ. ಅಲ್ಲಿಂದ ತುದಿಗೆ ಬರೀ ಒಂದೂವರೆ ತಾಸಿನ ಹಾದಿ. ಆ ಒಂದೂವರೆ ತಾಸನ್ನು ನನ್ನಿಂದ ಕಿತ್ತುಕೊಂಡ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯೋಣ, ಆದರೆ ಮೊದಲು ನನ್ನ ಸಿಟ್ಟನ್ನು ಕಾರಿಕೊಳ್ಳುತ್ತೇನೆ.

ಅವರ ಹೆಸರು ಬೇಡ. ಹರಿಹರದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿ ಇದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು ಎಂದು ಮುದ್ರೆ ಒತ್ತುವ ಕೆಲಸ ಅವರದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವರು. ಊರವರು ಅವರನ್ನು ಇನ್‌ಸ್ಪೆಕ್ಟರು ಅನ್ನುತ್ತಿದ್ದರು. ಗೊತ್ತಿಲ್ಲದವರು ಪೊಲೀಸ್ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು. ಕಡ್ಡಿಯಂಥ ದೇಹ, ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಮೇಲಿನ ಮಹಡಿಯಲ್ಲಿ ಡಾಕ್ಟರ ಕ್ಲಿನಿಕ್ಕು. ಅಲ್ಲಿಗೆ ಬಿ.ಪಿ. ತೋರಿಸಲು ಹೆಂಡತಿಯ ಜೊತೆ ಬಂದವರು, ಇಳಿದು ನನ್ನ ಅಂಗಡಿಗೆ ಬಂದರು. ನಾನು ಕೊಟ್ಟ ಗುಳಿಗೆಯ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಅವರ ಹಿಂದೆ ಎಂಟು ಜನ ಕಾಯುತ್ತಿದ್ದಾರೆ.

"ಇದು ರಿಜೆಕ್ಟ್ ರೀ" ಎಂದರು. "ಈ ಗುಳಿಗಿ ಅಂಚು ಒಡದೈತೆ."

"ಅಲ್ರೀ, ನುಂಗೋ ಗುಳಿಗಿ ಅದು. ಹೊಟ್ಟೆಗೆ ಹೋದ ಮ್ಯಾಲೆ ಎಲ್ಲಾ ಪುಡಿನೇ ಆಗ್ತೈತಲ್ಲ" ಎಂದೆ.

"ಹೊಟ್ಟೆಗೆ ಹೋದ ಮ್ಯಾಲಿಂದು ಡಾಕ್ಟ್ರು ನೋಡ್ಕಂತಾರೆ. ಅಲ್ಲಿ ತನಕ ಅದು ಮಾಲು. ಬೇರೆ ಕೊಡ್ರಿ."

ಬೇರೆ ಕೊಟ್ಟೆ. ಅದನ್ನೂ ಬೆಳಕಿಗೆ ಹಿಡಿದರು. ಪಾಸು ಮಾಡಿ ಜೇಬಿಗಿಳಿಸಿ, ಆಮೇಲೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. "ಸ್ಟೂಲ್ ಮ್ಯಾಲೆ ಹತ್ತಿ ಇಳಿಯೋಕೆ ಇಷ್ಟು ಏದುಸಿರು ಬಿಡ್ತೀರಲ್ಲ ಸಾವ್ಕಾರ್ರೆ, ಡಿಸೆಂಬರ್‌ನಾಗೆ ನಮ್ಮ ಕೂಡ ಗುಡ್ಡಕ್ಕೆ ಬರ್ರಿ" ಎಂದರು. ಎಂಟು ಜನರ ಮುಂದೆ ನನ್ನ ಹೊಟ್ಟೆಯನ್ನು ರಿಜೆಕ್ಟು ಮಾಡಿದ ಮನುಷ್ಯನ ಜೊತೆ ನಾನು ಯಾಕೆ ಹೋಗಲು ಒಪ್ಪಿದೆನೋ, ಇವತ್ತಿಗೂ ಗೊತ್ತಿಲ್ಲ. ಇಡೀ ದಿನ ಗಾಜಿನ ಕಪಾಟುಗಳ ನಡುವೆ ನಿಂತವನಿಗೆ ಒಂದು ಸಲವಾದರೂ ಎತ್ತರದಲ್ಲಿ ನಿಂತು ನಾಲ್ಕೂ ಕಡೆ ನೋಡಬೇಕೆಂಬ ಆಸೆ ಇತ್ತು, ಅಷ್ಟೇ.

ಗುಡ್ಡಕ್ಕೆ ಹೋಗುವುದೆಂದರೆ ನೇರ ಬಸ್ಸು ಹತ್ತುವುದು ಅಂದುಕೊಂಡಿದ್ದೆ. ಅವರದು ಹಾಗಲ್ಲ. ಎರಡು ತಿಂಗಳು ಮೊದಲಿನಿಂದಲೇ ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ಅಭ್ಯಾಸಕ್ಕೆಂದು ಬಾತಿ ಗುಡ್ಡದ ಬುಡಕ್ಕೆ ಬರಬೇಕು. ಬೆನ್ನ ಚೀಲದಲ್ಲಿ ಎರಡು ಇಟ್ಟಿಗೆ. ಆರು ಜನರ ತಂಡ ನಮ್ಮದು. ಅದರಲ್ಲಿ ಮಾಯಕೊಂಡದ ಬಸಣ್ಣ ಎಂಬ ರೈತ, ಹರೆಯದವನು, ಒಂದು ಭಾನುವಾರ ಒಂದೂವರೆ ಇಟ್ಟಿಗೆ ಹಾಕಿಕೊಂಡು ಬಂದ. ಇವರು ಚೀಲವನ್ನು ಬಿಚ್ಚಲೇ ಇಲ್ಲ. ಒಂದು ಕೈಯಲ್ಲಿ ಎತ್ತಿ, "ಅರ್ಧ ಎಲ್ಲಿ ಹೋತು ಬಸಣ್ಣ?" ಎಂದರು. ಬಸಣ್ಣ ನಾಲಿಗೆ ಕಚ್ಚಿಕೊಂಡ. ಕಣ್ಣಿಗಿಂತ ಅವರಿಗೆ ಕೈ ಮೇಲೆ ನಂಬಿಕೆ. ಕಾರ್ಖಾನೆಯಲ್ಲಿ ಅಳತೆಯ ಗೇಜು ಹಾಕುವ ಮೊದಲೇ ಬೆರಳಾಡಿಸಿ, ಇದು ಅದರೊಳಗೆ ಹೋಗಲ್ಲ ಎಂದು ಹೇಳುತ್ತಿದ್ದರಂತೆ. ಆಮೇಲೆ ಗೇಜು ಹಾಕಿದರೆ ಅದು ಹೋಗುತ್ತಿರಲಿಲ್ಲವಂತೆ.

ಆ ಕಲ್ಲಿನ ಮನೆ ಇರುವುದು ಘಟ್ಟದ ಅಂಚಿನ ಹುಲ್ಲುಗುಡ್ಡದಲ್ಲಿ. ಅರಣ್ಯ ಇಲಾಖೆಯ ವಾಚರುಗಳಿಗೆಂದು ಎಂದೋ ಕಟ್ಟಿದ್ದು. ಒಂದೇ ಕೋಣೆ, ತಗಡಿನ ಮಾಡು, ಚಿಲಕ ಇದೆ, ಬೀಗವಿಲ್ಲ. ರೇಂಜ್ ಆಫೀಸಿನಿಂದ ಕಾಗದ ತಂದರೆ ಯಾರು ಬೇಕಾದರೂ ಒಂದು ರಾತ್ರಿ ತಂಗಬಹುದು. ಒಳಗೆ ಒಂದು ಒಲೆ, ಸೌದೆ, ಹಲಗೆಯ ಮೇಲೆ ನಾಲ್ಕು ಡಬ್ಬಿ. ಅಕ್ಕಿ, ಉಪ್ಪು, ಬೆಂಕಿಪೊಟ್ಟಣ-ಮೇಣದಬತ್ತಿ, ಚಹಾಪುಡಿ. ಈ ಡಬ್ಬಿಗಳನ್ನು ಇಟ್ಟವರು ಇವರೇ. ಸೌದೆ ಎಷ್ಟೆತ್ತರ ಇರಬೇಕೆಂದು ಗೋಡೆಯ ಮೇಲೆ ಉಕ್ಕಿನ ಮೊಳೆಯಿಂದ ಗೀಟು ಗೀರಿದವರೂ ಇವರೇ.

"ಇದು ನಾವು ಮಲಗೋ ಮನೆ ಅಲ್ರಿ" ಎನ್ನುತ್ತಿದ್ದರು. "ನಮ್ಮ ಹಿಂದೆ ಬರೋನು ಮಲಗೋ ಮನೆ."

ಕೇಳಲು ಚೆನ್ನಾಗಿಯೇ ಇದೆ. ಅನುಭವಿಸಿದವನಿಗೆ ಗೊತ್ತು ಅದರ ಕಷ್ಟ.

ಮೊದಲ ವರ್ಷ ನಾವು ಸಂಜೆ ತಲುಪಿದಾಗ ಸೌದೆ ಪಾದದ ಎತ್ತರವೂ ಇರಲಿಲ್ಲ. ಇದ್ದದ್ದನ್ನು ಉರಿಸಿ, ಆರು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದೆವು. ಕೆಳಗಿನಿಂದ ಚಳಿ, ತಗಡಿನಿಂದ ಚಳಿ, ಪಕ್ಕದಲ್ಲಿ ಬಸಣ್ಣನ ಗೊರಕೆ. ಬೆಳಗ್ಗೆ ತುದಿ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಶೂ ಕಟ್ಟಿಕೊಂಡು ನಿಂತೆ. ಇವರು ಕತ್ತಿ ಹಿಡಿದು ಬಂದು, "ಗೀಟು ಮುಟ್ಟೋ ತನಕ ಯಾರೂ ಕದಲಂಗಿಲ್ಲ" ಎಂದರು. ಹುಲ್ಲುಗುಡ್ಡದಲ್ಲಿ ಮರ ಎಲ್ಲಿದೆ? ಅರ್ಧ ಮೈಲಿ ಇಳಿದು ಕಣಿವೆಯಿಂದ ಒಣಗಿದ ಕೊಂಬೆ ಹೊತ್ತು ತರಬೇಕು. ಸೌದೆ ಗೀಟು ಮುಟ್ಟಿದಾಗ ಹನ್ನೊಂದೂವರೆ. ಬುಡದ ಹಳ್ಳಿಯಿಂದ ನಾಲ್ಕಕ್ಕೆ ಕೊನೆಯ ಬಸ್ಸು.

"ಮುಂದಿನ ವರ್ಷ ಹೋಗಾಣ ಬಿಡ್ರಿ, ಗುಡ್ಡ ಎಲ್ಲಿಗೆ ಹೋಗ್ತೈತೆ" ಎಂದರು. ಗುಡ್ಡ ಹೋಗಲ್ಲ ಸ್ವಾಮಿ, ನನ್ನ ಮೊಣಕಾಲು ಹೋಗುತ್ತಿದೆಯಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಎರಡನೆಯ ವರ್ಷದ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬಿಗಳಿಗೆ ಹೊಸ ಸಾಮಾನು ತರುವ ಕೆಲಸವನ್ನು ಅವರು ಒಬ್ಬೊಬ್ಬರಿಗೆ ಹಂಚುತ್ತಿದ್ದರು. ನನ್ನ ಪಾಲಿಗೆ ಎರಡು ಸೇರು ಅಕ್ಕಿ ಬಂತು. ನಸುಕಿನಲ್ಲಿ ಹರಿಹರ ಬಸ್ ನಿಲ್ದಾಣದಲ್ಲಿ ತಪಾಸಣೆ. ನನ್ನ ಅಕ್ಕಿಯ ಬಟ್ಟೆಚೀಲವನ್ನು ಕೈಯಲ್ಲಿ ತೂಗಿ, ಬೆರಳಿನಿಂದ ಒತ್ತಿ, "ಪಾಸ್" ಎಂದು ಅದರ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದರು. ಒಂದು ಸಲ ಗೀಟು ಬಿತ್ತೆಂದರೆ ಆ ಚೀಲವನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಪಾಸಾದ ಮಾಲನ್ನು ಎರಡನೇ ಸಲ ನೋಡುವುದು ತಂದವನಿಗೆ ಮಾಡುವ ಅವಮಾನ ಎನ್ನುವುದು ಅವರ ಕಾನೂನು.

ಬಸ್ಸಿನಲ್ಲಿ ಕಾಲು ಮಡಚಿ ಕೂತು ಬುಡದ ಹಳ್ಳಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ಊದಿಕೊಂಡಿತ್ತು. ಉಳಿದವರು ಮುಂದೆ ಹೋಗಿದ್ದರು. ಕೊನೆಯ ಮನೆಯ ಕಟ್ಟೆಯಲ್ಲಿ ಕೂತು ಮಜ್ಜಿಗೆ ಕುಡಿದೆ. ಬೆನ್ನ ಮೇಲಿನ ಎರಡು ಸೇರು ಅಕ್ಕಿ ಎರಡು ಮಣದಂತೆ ಕಾಣಿಸಿತು. ಯಾರೋ ಮುಂದೆ ಬರುವವನಿಗೆ, ಬಂದರೂ ಬರದಿದ್ದರೂ, ನಾನು ಯಾಕೆ ಹೊತ್ತು ಸಾಯಲಿ? ಆ ಮನೆಯ ಹೆಂಗಸಿನ ಮೊರಕ್ಕೆ ಅಕ್ಕಿ ಸುರಿದುಬಿಟ್ಟೆ. ಮಂಡಕ್ಕಿ ಇಲ್ಲದೆ ದಾವಣಗೆರೆಯವರು ಊರು ಬಿಡುವುದುಂಟೇ? ನನ್ನ ಹತ್ತಿರ ಎರಡು ದೊಡ್ಡ ಪೊಟ್ಟಣ ಇದ್ದವು. ಒಂದನ್ನು ಆ ಬಟ್ಟೆಚೀಲಕ್ಕೆ ಸುರಿದು ಬಾಯಿ ಕಟ್ಟಿದೆ. ಹತ್ತಿಯಷ್ಟು ಹಗುರ. ಅದೂ ಅಕ್ಕಿಯದೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುಡ್ಡದ ಮನೆಯಲ್ಲಿ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದವನೂ ನಾನೇ. "ತುಂಬಿತಾ ಸಾವ್ಕಾರ್ರೆ?" ಎಂದರು ಒಲೆಯ ಮುಂದಿನಿಂದ. "ತುಂಬಿತು" ಎಂದೆ. ಬಂದು ಡಬ್ಬಿಯ ಮೇಲೊಂದು ಗೀಟು ಎಳೆದು ಹೋದರು.

ಆ ಸಲ ತುದಿ ತಪ್ಪಿಸಿದ್ದು ಗಾಳಿ. ಮಾಡಿನ ಎರಡು ತಗಡು ರಾತ್ರಿ ಸಡಿಲವಾಗಿ ಬಡಿದುಕೊಂಡವು. ಬೆಳಗ್ಗೆ ತಂತಿ, ಇಕ್ಕಳ ಹಿಡಿದು ಇವರು ಮಾಡು ಹತ್ತಿದರು. ನಮಗೆ ಕಲ್ಲು ಹೊರುವ ಕೆಲಸ. "ತಗಡು ಇಲಾಖೆಯದು, ಅವರೇ ನೋಡ್ಕಳ್ಳಿ ಬಿಡ್ರಿ!" ಎಂದು ನಾನು ಕೆಳಗಿನಿಂದ ಕೂಗಿದೆ. "ರಾತ್ರಿ ಇದರ ಕೆಳಗೆ ಮಲಗಿದ್ದು ಇಲಾಖೆನಾ, ನೀವಾ?" ಎಂದು ಮೇಲಿನಿಂದ ಉತ್ತರ ಬಂತು. ಬಸಣ್ಣ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಮೂರನೆಯ ವರ್ಷ ಹೊರಡುವ ಮುನ್ನ ಮಹಡಿಯ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇ ನೋಡಿ, "ಇದೊಂದು ಸಲ ಹೋಗಿ ಬನ್ನಿ, ಇನ್ನು ಗುಡ್ಡದ ಸುದ್ದಿ ಬೇಡ" ಎಂದರು. ಅದನ್ನು ಇನ್‌ಸ್ಪೆಕ್ಟರಿಗೆ ಹೇಳಿದೆ. ಈ ಸಲ ಬಿಟ್ಟರೆ ನನ್ನ ಜನ್ಮದಲ್ಲಿ ತುದಿ ಇಲ್ಲ ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ನಿಮ್ಮನ್ನ ಮ್ಯಾಲೆ ನಿಲ್ಲಿಸಿನೇ ಇಳಿಸ್ತೀನಿ, ಚಿಂತಿ ಬ್ಯಾಡ" ಎಂದರು. ಮಾತು ಕೊಟ್ಟಂತೆಯೇ ಎಲ್ಲ ನಡೆಯಿತು. ಹಿಂದಿನ ದಿನವೇ ಸೌದೆ ಗೀಟು ಮುಟ್ಟಿಸಿದೆವು. ತಗಡು ಗಟ್ಟಿಯಾಗಿತ್ತು. ಬೆಳಗ್ಗೆ ಏಳಕ್ಕೆ ಆರೂ ಜನ ಚೀಲ ಹೆಗಲಿಗೇರಿಸಿ ಅಂಗಳದಲ್ಲಿ ನಿಂತಿದ್ದೆವು. ಮಂಜಿಲ್ಲ, ಮೋಡವಿಲ್ಲ. ತುದಿ ಕೈಗೆಟುಕುವ ಹಾಗಿತ್ತು.

ಆಗ ಕೆಳಗಿನಿಂದ ಅರಣ್ಯದ ವಾಚರ್ ಬಂದ. ಪರಿಚಯದವನು. ನಮ್ಮನ್ನು ಕಂಡವನೇ ನಗತೊಡಗಿದ.

"ಏನ್ ಸಾಹೇಬ್ರೆ, ಅಕ್ಕಿ ಡಬ್ಬಿಗೆ ಮಂಡಕ್ಕಿ ತುಂಬಿಸಿ ಹೋಗಿದ್ರಲ್ಲ! ಮಳೆಗಾಲದಾಗೆ ಹಳ್ಳ ಬಂದು ಎರಡು ದಿನ ಇಲ್ಲೇ ಸಿಕ್ಕಿ ಹಾಕ್ಕೊಂಡಿದ್ವಿ, ನಾನು, ನಮ್ಮ ಇನ್ನೊಬ್ಬ ವಾಚರ್ ಹುಚ್ಚಪ್ಪ. ಅವನಿಗೆ ಜ್ವರ ಬೇರೆ. ಡಬ್ಬಿ ತೆಗೆದರೆ ಮಂಡಕ್ಕಿ! ಅದೂ ತೇವಕ್ಕೆ ಅಂಟಂಟು. ನೀರಿಗೆ ಹಾಕಿ ಉಪ್ಪು ಹಾಕಿ ಕುಡಿಸಿದೆ, ಏನ್ ಮಾಡಾದು. ದಾವಣಗೆರಿಯೋರು ಬಂದು ಹೋಗ್ಯಾರೆ ಅಂತ ಗೊತ್ತಾತು ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಾಚಿಕೆಗೆಟ್ಟವನು. ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. ಹೆಗಲಿನ ಚೀಲ ಇಳಿಸಿದರು. ತಮ್ಮ ಬಲಗೈಯನ್ನು ತಾವೇ ಒಂದು ಸಲ ನೋಡಿಕೊಂಡರು.

"ಎಲ್ಲಾರೂ ಚೀಲ ಇಳಿಸ್ರಿ" ಎಂದರು. "ಒಂದು ಕೆಟ್ಟ ಮಾಲು ನನ್ನ ಗೀಟು ಹಾಕಿಸ್ಕೊಂಡು ಹೊರಗೆ ಹೋಗೈತೆ ಅಂದ್ರೆ, ಪೂರ್ತಿ ಲಾಟು ಮತ್ತೆ ನೋಡಬೇಕು."

ಕಾರ್ಖಾನೆಯ ಪದ್ಧತಿ ಅದು. ಒಂದು ತಪ್ಪು ತುಂಡು ಪಾಸಾದರೆ ಅದರ ಜೊತೆ ಪಾಸಾದ ಎಲ್ಲವನ್ನೂ ವಾಪಸು ತರಿಸಿ ಮತ್ತೆ ಅಳೆಯಬೇಕು. ಅಂಗಳದಲ್ಲಿ ಕಂಬಳಿ ಹಾಸಿ ಆ ಮನುಷ್ಯ ಆ ವರ್ಷದ ಅಕ್ಕಿಯನ್ನೆಲ್ಲ ಸುರಿದರು. ಉಪ್ಪು ಸುರಿದರು. ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ತೆರೆದು ಒಂದೊಂದು ಕಡ್ಡಿ ಗೀರಿ ನೋಡಿದರು. ಸೌದೆಯ ರಾಶಿ ಕೆಡವಿ ಹಸಿ ಕೊಂಬೆ ಇದೆಯೇ ಎಂದು ಹುಡುಕಿದರು. ಮಾಡು ಹತ್ತಿ ತಂತಿಗಳನ್ನೆಲ್ಲ ಎಳೆದರು. ಎಂಟಾಯಿತು, ಒಂಬತ್ತಾಯಿತು.

"ಅಲ್ರಿ, ಯಾರು ಹಾಕಿದ್ದು ಅಂತ ಕೇಳಿ ಮುಗಿಸ್ರಿ! ಹೋದ ವರ್ಷ ಅಕ್ಕಿ ತಂದೋರು ಯಾರು?" ಎಂದು ಬಸಣ್ಣ ರೇಗಿದ.

ಯಾರು ಏನು ತಂದರೆಂದು ಬರೆದಿಡುವ ಅವರ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿತ್ತು. ಅವರಿಗೆ ಅದು ಬಾಯಿಪಾಠವೂ ಆಗಿತ್ತು. ಆದರೆ ನನ್ನ ಕಡೆ ತಿರುಗಲೂ ಇಲ್ಲ.

"ತರೋರು ಕತ್ತಲಾಗೆ ಯಾವುದೋ ಚೀಲ ತರ್ತಾರಪ್ಪ. ಹಿಡಿದು ನೋಡಿ ಪಾಸ್ ಅಂದೋನು ನಾನು. ತಪ್ಪು ನಂದು" ಎಂದರು.

ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀವು ಹಿಡಿದಾಗ ಅದು ಅಕ್ಕಿಯೇ, ಗೀಟು ಬಿದ್ದ ಮೇಲೆ ನಾನು ಬದಲಿಸಿದೆ ಎಂದು. ಅವರ ತಪಾಸಣೆ ಅಲ್ಲಿಗೇ ನಿಲ್ಲುತ್ತಿತ್ತು. ಒಂಬತ್ತಕ್ಕೆ ಹೊರಟಿದ್ದರೂ ಹತ್ತೂವರೆಗೆ ತುದಿಯಲ್ಲಿರುತ್ತಿದ್ದೆವು. ನನಗೆ ತುದಿ ಬೇಕಾಗಿತ್ತು, ಆದರೆ ಜ್ವರದವನಿಗೆ ಮಂಡಕ್ಕಿ ತಿನ್ನಿಸಿದವನು ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಅದೂ ನಾನು ಔಷಧಿ ಮಾರುವವನು! ಈಗ ಹೇಳುತ್ತೇನೆ, ಇನ್ನೊಂದು ನಿಮಿಷಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತ ಕಂಬಳಿಯ ಪಕ್ಕ ಕೂತು ಅಕ್ಕಿ ಆರಿಸಿದೆ. ಬಸಣ್ಣ, "ಈ ಮನುಷ್ಯನಿಗೆ ತಲೆ ಕೆಟ್ಟೈತೆ, ಇನ್ನು ಇವರ ಸಹವಾಸ ಸಾಕು" ಎಂದು ಕೇಳಿಸುವಂತೆಯೇ ಬೈದ. ನಾನು ಹೌದೆಂದು ತಲೆಯಾಡಿಸಿದೆ. ಹನ್ನೆರಡಕ್ಕೆ ಲಾಟು ಮುಗಿಯಿತು. ಇಳಿದೆವು.

ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರು. ನಾವು ಐದು ಜನ ಹಿಂದೆ ಕೂತು ಅವರನ್ನು ಆಡಿಕೊಂಡೆವು. ಮರುವರ್ಷ ಯಾರೂ ಯಾರನ್ನೂ ಕರೆಯಲಿಲ್ಲ.

ಸತ್ಯ ಹೇಳುತ್ತೇನೆ, ಆಗ ನನಗೆ ನನ್ನ ಮೇಲಿನದಕ್ಕಿಂತ ಅವರ ಮೇಲೇ ಸಿಟ್ಟು. ಗೊತ್ತಿದ್ದೂ ಹೆಸರು ಹೇಳದೆ ದೊಡ್ಡಸ್ತಿಕೆ ತೋರಿಸಿದರಲ್ಲ ಎಂದು. ಎಲ್ಲರ ಮುಂದೆ ಬೈದುಬಿಟ್ಟಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಹೀಗೆ ಕಾಪಾಡಿ ನನ್ನನ್ನು ಬಾಯಿ ತೆರೆಯದ ಹಾಗೆ ಮಾಡಿದರು ಅನ್ನಿಸುತ್ತಿತ್ತು. ಎರಡು ತಿಂಗಳ ಮೇಲೆ ಒಂದು ದಿನ ಅಂಗಡಿಗೆ ಬಂದರು. ಚೀಟಿ ಕೊಟ್ಟರು. ಬಿ.ಪಿ. ಜೊತೆಗೆ ಸಕ್ಕರೆ ಕಾಯಿಲೆಯ ಗುಳಿಗೆಯೂ ಸೇರಿತ್ತು. ಪಟ್ಟಿ ಕೊಟ್ಟೆ. ಬೆಳಕಿಗೆ ಹಿಡಿಯಲಿಲ್ಲ, ಹಾಗೇ ಜೇಬಿಗೆ ಹಾಕಿಕೊಂಡು, "ಮೊಣಕಾಲು ಹೆಂಗೈತೆ?" ಎಂದು ಕೇಳಿ ಹೊರಟುಹೋದರು. ಅಬ್ಬ, ಕಡೆಗೂ ಬುದ್ಧಿ ಬಂತು ಎಂದುಕೊಂಡೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಸಾವಿನ ಸುದ್ದಿ ಬಸಣ್ಣನಿಂದ ತಿಳಿಯಿತು. ಕಾರ್ಯವೆಲ್ಲ ಮುಗಿದು ನೆಂಟರು ಕರಗಿದ ಮೇಲೆ ಹರಿಹರದ ಅವರ ಮನೆಗೆ ಹೋದೆ. ಅವರ ಹೆಂಡತಿ ಗುರುತು ಹಿಡಿದರು. ಚಹಾ ಕೊಟ್ಟರು.

"ಗುಡ್ಡಕ್ಕೆ ಹೋಗಾದು ಬಿಟ್ರು, ಕೆಲಸಾನೂ ಬಿಟ್ರು" ಎಂದರು. "ಇನ್ನಾ ಆರು ವರ್ಷ ಸರ್ವೀಸ್ ಇತ್ರಿ. ವಿ.ಆರ್.ಎಸ್. ಕಾಗದ ಬಂದಾಗ, ನಿಮಗಲ್ಲ ಇದು, ನೀವು ಇರ್ರಿ ಅಂತ ಮ್ಯಾನೇಜರೇ ಹೇಳಿದ್ರಂತೆ. ಕೇಳಲಿಲ್ಲ. ಎಲ್ಲಾರಿಗಿಂತ ಮೊದಲು ಸೈನ್ ಮಾಡಿ ಬಂದ್ರು."

"ಯಾಕ್ರಿ ಅಕ್ಕಾರೆ?" ಎಂದೆ.

"ಕೈ ಹೋಗೈತೆ ಅಂದ್ರು. ಸಕ್ಕರೆಗೆ ಬೆರಳು ಜೋಮು ಹಿಡೀತಿದ್ವು, ಅದೇ ಇರಬೇಕು ಅಂತ ಅವರೇ ತೀರ್ಮಾನ ಮಾಡಿಬಿಟ್ರು. 'ಪಾಪ, ಸಾವ್ಕಾರ್ರು ನಸುಕಿನಾಗೆ ಅಕ್ಕಿ ಅಂತ ಮಂಡಕ್ಕಿ ತಂದಿದ್ರು, ಅವರದೇನು ತಪ್ಪು, ನಾನು ಕೈಯಾಗ ಹಿಡಿದು ತೂಗೀನಿ, ಒತ್ತಿ ನೋಡೀನಿ, ಆದ್ರೂ ಅಕ್ಕಿ ಅಂತ ಪಾಸ್ ಮಾಡೀನಿ, ಇಂಥ ಕೈ ಇಟ್ಕಂಡು ಆ ಮುದ್ರೆ ಹೆಂಗೆ ಒತ್ತಲಿ' ಅನ್ನೋರು. ಮನೇಗೆ ಇದ್ರೂ ಅದೇ. ಅಡಿಗಿ ಮನೇಗೆ ಬಂದು ಕಣ್ಣು ಮುಚ್ಕಂಡು ಡಬ್ಬಿ ಒಳಗೆ ಕೈ ಹಾಕಾದು, ಇದು ಅಕ್ಕಿ, ಇದು ಬ್ಯಾಳಿ ಅನ್ನಾದು. ಸರಿಯಾಗಿ ಹೇಳಿದ್ರೂ ನಂಬ್ತಿರಲಿಲ್ಲ."

ಇಷ್ಟು ದಿನ ನನ್ನನ್ನು ಕಾಪಾಡಿದರು ಎಂದು ಯಾರ ಮೇಲೆ ಸಿಟ್ಟಾಗಿದ್ದೆನೋ, ಆ ಮನುಷ್ಯನಿಗೆ ನನ್ನ ಮೋಸ ಗೊತ್ತೇ ಇರಲಿಲ್ಲ. ಗೀಟು ಬಿದ್ದ ಚೀಲವನ್ನು ಒಬ್ಬ ಬದಲಿಸಬಹುದು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ನನ್ನನ್ನು ಅನುಮಾನಿಸುವ ಬದಲು ತಮ್ಮ ಕೈಯನ್ನೇ ಅನುಮಾನಿಸಿದರು.

ಹೇಳಿದೆ. ಕೊನೆಗೂ ಬಾಯಿ ಬಿಟ್ಟೆ. ಹರಿಹರದಲ್ಲಿ ಅವರು ಹಿಡಿದದ್ದು ಅಕ್ಕಿಯೇ ಅಕ್ಕಾರೆ, ಗುಡ್ಡದ ಬುಡದಲ್ಲಿ ಭಾರ ಅಂತ ಸುರಿದು, ಮಂಡಕ್ಕಿ ತುಂಬಿದವನು ನಾನು, ಅವರ ಕೈಗೆ ಏನೂ ಆಗಿರಲಿಲ್ಲ ಎಂದೆ. ಅವರ ಕಾಲಿಗೆ ಬೀಳಲೇ ಎಂದು ಏಳಹೊರಟವನಿಗೆ ಮೊಣಕಾಲು ಬಗ್ಗಲಿಲ್ಲ.

ಆಕೆ ಬೈಯಲಿಲ್ಲ, ಅಳಲಿಲ್ಲ. ಚಹಾದ ಲೋಟ ಎತ್ತಿಕೊಂಡು ಒಂದೇ ಮಾತು ಕೇಳಿದರು.

"ದಾವಣಗೆರಿಯಿಂದ ಹರಿಹರಕ್ಕೆ ಎಷ್ಟು ಹೊತ್ತಿನ ದಾರಿ ರೀ, ಸಾವ್ಕಾರ್ರೆ?"

ಅರ್ಧ ತಾಸು ಎಂದೆ.